ಗೂಡಿನೊಳಗಿನ ಬಿಳಿ ಕೂದಲು

ನಾಯಿ ಸಾಕಬೇಕೆಂದು ಕತ್ತರಿಯಕ್ಕ ಎಂದೂ ಆಸೆಪಟ್ಟವಳಲ್ಲ. ಗಂಡನ ಅಣ್ಣ ಮನೆ ಬದಲಾಯಿಸಿ ಮೇಲಿನ ಮಹಡಿಯ ಫ್ಲಾಟೊಂದಕ್ಕೆ ಹೋದ. ಆ ಕಟ್ಟಡದೊಳಗೆ ನಾಯಿ ಬಿಡುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. "ಒಂದು ವಾರ ಇಟ್ಕೊಂಡಿರಮ್ಮ, ಅಷ್ಟರಲ್ಲಿ ಏನಾದ್ರೂ ದಾರಿ ಮಾಡ್ತೀನಿ" ಎಂದು ಹಗ್ಗದ ಸಮೇತ ತಂದು ಬಿಟ್ಟುಹೋದ. ಜೊತೆಗೊಂದು ಚೀಲ, ಅದರಲ್ಲಿ ನಾಯಿಯ ತಟ್ಟೆ, ಹಳೆಯ ಕಂಬಳಿ, ಒಂದು ದುರ್ಬೀನು. ದುರ್ಬೀನು ಯಾಕೆ ಭಾವ ಎಂದು ಕೇಳಿದ್ದಕ್ಕೆ, "ಬೆಳಿಗ್ಗೆ ಕಾಡಿಗೆ ಕರ್ಕೊಂಡು ಹೋಗದಿದ್ರೆ ಇದು ಮನೆ ಕೆಡವುತ್ತೆ. ಅಲ್ಲಿ ಹೊತ್ತು ಹೋಗ್ಬೇಕಲ್ಲ" ಎಂದ. ಆ ಒಂದು ವಾರ ಇವತ್ತಿಗೂ ಮುಗಿದಿಲ್ಲ.

ನಾಯಿಯ ಹೆಸರು ಜಾಣ. ಇಟ್ಟವರು ಆಸೆಯಿಂದ ಇಟ್ಟರೋ ತಮಾಷೆಗೆ ಇಟ್ಟರೋ ತಿಳಿಯದು. ಕತ್ತರಿಯಕ್ಕನ ಅಂಗಡಿಯ ದೊಡ್ಡ ಕನ್ನಡಿಯಲ್ಲಿ ತನ್ನನ್ನೇ ಕಂಡು ಬೊಗಳಿ, ಆ ಇನ್ನೊಂದು ನಾಯಿ ಎಲ್ಲಿ ಅಡಗಿದೆ ಎಂದು ಕನ್ನಡಿಯ ಹಿಂದೆ ಮೂಗು ತೂರಿಸಿ ನೋಡಿ ಬರುವ ಪೈಕಿ ಅದು. ಒಂದು ಕಿವಿ ನೆಟ್ಟಗೆ, ಇನ್ನೊಂದು ಕಿವಿ ಮಡಚಿಕೊಂಡು, ಯಾವಾಗಲೂ ಅರ್ಧ ಮಾತು ಮಾತ್ರ ಕೇಳಿಸಿಕೊಂಡವರ ಹಾಗೆ ಕಾಣುತ್ತಿತ್ತು.

ಅಂಗಡಿ ಎಂದರೆ ಹೆಂಗಸರ ಕೂದಲು ಕತ್ತರಿಸಿ, ತೊಳೆದು, ಬಣ್ಣ ಹಚ್ಚುವ ಪುಟ್ಟ ಜಾಗ. ಎರಡು ತಿರುಗುವ ಕುರ್ಚಿ, ಒಂದು ತೊಳೆಯುವ ತೊಟ್ಟಿ, ಗೋಡೆಗೆ ಆನಿಸಿದ ಬೆಂಚು. ಆ ಬೀದಿಯಲ್ಲಿ, ಅದರ ಹಿಂದಿನ ಬೀದಿಯಲ್ಲಿ, ಸಂತೆಮಾಳದ ಆಚೆಗೂ, ಅವಳ ಬೆರಳು ತಾಗದ ತಲೆ ಕಡಿಮೆ. ಯಾರಿಗೆ ನೆತ್ತಿಯಲ್ಲಿ ಸುಳಿ ಎರಡು, ಯಾರು ಹೆತ್ತ ಮೇಲೆ ಕೂದಲು ಉದುರಿಸಿಕೊಂಡರು, ಯಾರು ಮನೆಯಲ್ಲೇ ಬಣ್ಣ ಹಚ್ಚಿಕೊಂಡು "ಇದು ನಂದೇ ಬಣ್ಣ" ಅನ್ನುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಅವಳ ನಿಜವಾದ ಹೆಸರು ಜನಕ್ಕೆ ಮರೆತುಹೋಗಿ ಎಷ್ಟೋ ಕಾಲವಾಗಿತ್ತು.

ಹೀಗೆ ಬೇಸಿಗೆ ಕಳೆಯುತ್ತ ಬಂದ ದಿನಗಳಲ್ಲಿ, ಅಂಗಡಿಯ ಬಾಗಿಲು ತೆರೆಯುವ ಮೊದಲು, ಅವಳು ಜಾಣನನ್ನು ಎಳೆದುಕೊಂಡು, ಅಥವಾ ಜಾಣ ಅವಳನ್ನು ಎಳೆದುಕೊಂಡು, ನೀರಿನ ಟ್ಯಾಂಕಿನ ಹಿಂದಿನ ಕಾಡಿಗೆ ಹೋಗತೊಡಗಿದಳು. ದೊಡ್ಡ ಕಾಡೇನಲ್ಲ. ಒಳಗೆ ಹೊಕ್ಕರೆ ಬೀದಿಯ ಸದ್ದು ಅಡಗುವಷ್ಟು ಮಾತ್ರ ದಟ್ಟ. ಎಲೆಗಳ ಅಂಚು ಹಳದಿಗೆ ತಿರುಗಿತ್ತು. ಬಿಸಿಲಿಗೆ ಸುಸ್ತಾದ ಹುಲ್ಲು ಕಾಲಡಿ ಪರಪರ ಅನ್ನುತ್ತಿತ್ತು. ಹಕ್ಕಿಗಳು ಹಾಡುವುದನ್ನು ಬಹುಪಾಲು ನಿಲ್ಲಿಸಿದ್ದವು. ಮರಿಗಳನ್ನು ಹಿಂದೆ ಕಟ್ಟಿಕೊಂಡು, ಪುಕ್ಕ ಉದುರಿಸಿಕೊಂಡು, ಮದುವೆ ಮುಗಿದ ಮನೆಯ ಹೆಂಗಸರ ಹಾಗೆ ಕೆದರಿದ ತಲೆಯಲ್ಲಿ ಓಡಾಡುತ್ತಿದ್ದವು.

ಆ ಕೆದರಿದ ತಲೆಗಳೇ ಅವಳನ್ನು ಹಿಡಿದು ನಿಲ್ಲಿಸಿದ್ದು. ಮೊದಲ ದಿನ ಸುಮ್ಮನೆ ದುರ್ಬೀನು ಕಣ್ಣಿಗಿಟ್ಟಳು. ಎರಡನೆಯ ದಿನ ಬೇಕೆಂದೇ ಇಟ್ಟಳು. ಹಕ್ಕಿಗಳ ಹೆಸರು ಅವಳಿಗೆ ಗೊತ್ತಿರಲಿಲ್ಲ, ಹಾಗಾಗಿ ತನಗೆ ಗೊತ್ತಿದ್ದ ವಿದ್ಯೆಯಿಂದಲೇ ಹೆಸರಿಟ್ಟಳು. ತಲೆಯ ನಡುವೆ ಬಿಳಿ ಗೆರೆ ಇದ್ದದ್ದು 'ಬೈತಲೆ'. ಕಪ್ಪು ಟೋಪಿ ಹಾಕಿದಂತಿದ್ದದ್ದು 'ಡೈ ಜಾಸ್ತಿ'. ಕತ್ತಿನ ಹಿಂದೆ ಪುಕ್ಕ ಎದ್ದು ನಿಂತದ್ದು 'ನಿದ್ದೆಯಿಂದೆದ್ದವನು'. ತುಂಬ ಜೋರಿನ, ನೆತ್ತಿಯ ಮೇಲೆ ಚೂಪು ಜುಟ್ಟಿನ ಬೂದುಬಣ್ಣದ ಹಕ್ಕಿಗೆ 'ಜುಟ್ಟಮ್ಮ'.

"ಇವತ್ತು ಡೈ ಜಾಸ್ತಿ ಬಂದಿದ್ದಳು, ಮರಿ ಜೊತೆ" ಎಂದು ಅವಳು ಬಂದು ಹೇಳಿದರೆ, ಶಾಲೆಯ ವ್ಯಾನ್ ಓಡಿಸುವ ಗಂಡ ಬೂಟಿನ ಲೇಸು ಕಟ್ಟುತ್ತ, "ದುಡ್ಡು ಕೊಟ್ಟಳಾ?" ಎಂದು ಕೇಳುತ್ತಿದ್ದ.

ಒಂದು ಬೆಳಿಗ್ಗೆ ಜಾಣ ಪೊದೆಯ ಬುಡದಿಂದ ಏನನ್ನೋ ಕಚ್ಚಿಕೊಂಡು ಬಂದ. ಬಾಯಿ ಬಿಡಿಸಿ ನೋಡಿದರೆ ಹಳೆಯ ಗೂಡು. ಮರಿಗಳು ಹಾರಿಹೋಗಿ, ಗಾಳಿಗೆ ಕೆಳಗೆ ಬಿದ್ದದ್ದು. ಅಂಗೈಯಗಲದ ಬಟ್ಟಲು, ಹೊರಗೆ ಒಣಕಡ್ಡಿ, ಬೇರು, ಒಂದು ತುಂಡು ಪ್ಲಾಸ್ಟಿಕ್ ದಾರ. ಒಳಗೆ ಬೆರಳಾಡಿಸಿದಳು. ನಯವಾಗಿತ್ತು. ಆ ನಯ ಬೆರಳಿಗೆ ಎಷ್ಟು ಪರಿಚಯವೆಂದರೆ, ಕಣ್ಣಿಗೆ ತಿಳಿಯುವ ಮೊದಲೇ ಕೈಗೆ ತಿಳಿಯಿತು. ಕೂದಲು. ಸುತ್ತಿ ಸುತ್ತಿ ಹಾಸಿದ್ದ, ಬೆಳ್ಳಿಯಂಥ ಬಿಳಿಯ, ಮನುಷ್ಯರ ಕೂದಲು.

ಒಂದೆಳೆ ಬಿಡಿಸತೊಡಗಿದಳು. ಬಂತು, ಬಂತು, ಬರುತ್ತಲೇ ಇತ್ತು. ಕೊನೆಗೆ ತುದಿ ಸಿಕ್ಕಾಗ ಅದು ಅವಳ ಭುಜದಿಂದ ಬೆರಳ ತುದಿಯವರೆಗೆ ಮುಟ್ಟಿತು. ಬೆಳಕಿಗೆ ಹಿಡಿದಳು. ಬಣ್ಣ ಕಂಡ ಕೂದಲಲ್ಲ. ಬಿಸಿ ಇಸ್ತ್ರಿ ತಾಗಿದ್ದಲ್ಲ. ತುದಿಯಲ್ಲಿ ಕತ್ತರಿ ಬಿದ್ದು ಬಹಳ ಕಾಲವಾಗಿದೆ. ದಪ್ಪ ಎಳೆ, ಆರೋಗ್ಯದ ಎಳೆ, ವಯಸ್ಸಾದವರದು.

"ಯಾರದೋ ಇದು?" ಎಂದು ಜಾಣನನ್ನೇ ಕೇಳಿದಳು.

ಆ ಪ್ರಶ್ನೆ ಅವಳ ಜೊತೆ ಅಂಗಡಿಗೂ ಬಂತು. ಸೊಂಟದವರೆಗೆ ಬಿಳಿ ಕೂದಲಿರುವ ಹೆಂಗಸು ಈ ಸುತ್ತಿನಲ್ಲಿ ಯಾರು? ತಲೆ ತಲೆಯಾಗಿ ಮನಸ್ಸಿನಲ್ಲಿ ಎಣಿಸಿದಳು. ಔಷಧಿ ಅಂಗಡಿಯವಳ ಅತ್ತೆಯದು ಬಿಳಿ, ಆದರೆ ಇಲಿಬಾಲದಷ್ಟು. ಬಟ್ಟೆ ಅಂಗಡಿಯ ಅಜ್ಜಿಯದು ಉದ್ದ, ಆದರೆ ಮುಕ್ಕಾಲು ಕಪ್ಪು. ಬೆಂಚಿನ ಮೇಲೆ ಕೂತ ಗಿರಾಕಿಗಳನ್ನೂ ಕೇಳಿದಳು. ಯಾರಿಗೂ ಗೊತ್ತಿಲ್ಲ. ತನಗೆ ಗೊತ್ತಿಲ್ಲದ ಒಂದು ತಲೆ, ಅದೂ ಅಂಥ ತಲೆ, ತನ್ನದೇ ಊರಿನಲ್ಲಿ ದಿನಾ ಬಾಚಿಕೊಳ್ಳುತ್ತಿದೆ ಎಂಬುದು ಅವಳಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತಾಯಿತು.

"ದೆವ್ವ ಇರಬೇಕು" ಎಂದ ಗಂಡ. "ಬಿಳಿ ಕೂದಲು, ಕಾಡು, ಬೆಳಗಿನ ಜಾವ. ಎಲ್ಲ ಸರಿಹೋಗುತ್ತೆ."

"ದೆವ್ವ ಬಾಚಣಿಗೆ ಇಟ್ಕೊಂಡಿರುತ್ತಾ?"

"ಕೂದಲು ಬಿಟ್ಕೊಂಡೇ ಇರುತ್ತಲ್ಲ, ಅದೂ ಹೌದು" ಎಂದು ಒಪ್ಪಿಕೊಂಡು ಅವನು ವ್ಯಾನಿನ ಕೀಲಿ ಹುಡುಕಲು ಹೋದ.

ದಾರಿ ತೋರಿಸಿದವಳು ಜುಟ್ಟಮ್ಮ. ಉಳಿದ ಹಕ್ಕಿಗಳೆಲ್ಲ ಆ ವರ್ಷದ ಸಂಸಾರ ಮುಗಿಸಿ ಹಾಯಾಗಿದ್ದರೆ, ಈ ಜೋಡಿಗೆ ಮಾತ್ರ ಇನ್ನೊಂದು ಸುತ್ತು ಆಗಲಿ ಅನ್ನಿಸಿತ್ತೋ ಏನೋ. ಹಕ್ಕಿ ಬಾಯಲ್ಲಿ ಏನನ್ನೋ ಹಿಡಿದು ದಾರಿಗೆ ಅಡ್ಡವಾಗಿ ಹಾರಿಹೋಯಿತು. ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತಿತ್ತು, ಅದರ ಕೊಕ್ಕಿನಿಂದ ಹಿಂದಕ್ಕೆ ಒಂದು ಬೆಳಕಿನ ಗೆರೆ ಎಳೆದಂತೆ ಹೊಳೆಯಿತು. ಕತ್ತರಿಯಕ್ಕ ಜಾಣನ ಹಗ್ಗ ಜಗ್ಗಿ ನಿಂತಳು. ಕೂದಲು.

ಹಕ್ಕಿ ಎಲ್ಲಿಗೆ ಹೋಯಿತು ಎಂಬುದಕ್ಕಿಂತ ಎಲ್ಲಿಂದ ಬಂತು ಎಂಬುದು ಅವಳಿಗೆ ಬೇಕಾಗಿತ್ತು. ಹಕ್ಕಿಯ ಹಿಂದೆ ಓಡುವುದು ಆಗದ ಮಾತು. ಅದಕ್ಕೇ ಅವಳು ಒಂದು ಉಪಾಯ ಮಾಡಿದಳು. ಹಕ್ಕಿ ಮೊದಲು ಕಣ್ಣಿಗೆ ಬಿದ್ದ ಮರ ಯಾವುದೋ, ಮರುದಿನ ಆ ಮರದ ಕೆಳಗೆ ಹೋಗಿ ನಿಂತಳು. ಅಲ್ಲಿಂದ ನೋಡಿದರೆ ಅದು ಇನ್ನೂ ಆಚೆಯ ಬಿದಿರು ಮೆಳೆಯ ಮೇಲಿಂದ ಬಂತು. ಅದರ ಮರುದಿನ ಬಿದಿರಿನ ಬಳಿ ನಿಂತಳು. ಹೀಗೆ ದಿನಕ್ಕೊಂದಿಷ್ಟು ಮುಂದೆ ಸರಿಯುತ್ತ ಹೋದಳು. ಜಾಣನಿಗೆ ಈ ನಿಂತಲ್ಲೇ ನಿಲ್ಲುವ ವಾಕಿಂಗು ಸುತರಾಂ ಹಿಡಿಸಲಿಲ್ಲ. ದೊಡ್ಡದಾಗಿ ಆಕಳಿಸಿ, ಅವಳ ಚಪ್ಪಲಿಯ ಮೇಲೆಯೇ ಮಲಗಿಬಿಡುತ್ತಿದ್ದ.

ಕೊನೆಗೆ ಕಾಡು ಮುಗಿಯುವ ಅಂಚಿಗೆ ಬಂದು ನಿಂತಳು. ಅಲ್ಲೊಂದು ಬೇಲಿ, ಬೇಲಿಯಾಚೆ ಸಾಲು ಮನೆಗಳ ಹಿತ್ತಿಲು. ಈ ಮನೆಗಳನ್ನು ಬೀದಿಯ ಕಡೆಯಿಂದ ಅವಳು ಸಾವಿರ ಸಲ ನೋಡಿದ್ದಳು. ಬೆನ್ನಿನ ಕಡೆಯಿಂದ ನೋಡಿರಲಿಲ್ಲ. ಒಣಹಾಕಿದ ಟವೆಲ್ಲು, ಮಗುಚಿಟ್ಟ ಬಕೆಟ್ಟು, ಮೂರು ಕಾಲಿನ ಸ್ಟೂಲು. ಕೊನೆಯ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಒಬ್ಬರು ಅವಳಿಗೆ ಬೆನ್ನು ಮಾಡಿ ಕೂತಿದ್ದರು. ಬೆನ್ನು ಕಾಣುತ್ತಿರಲಿಲ್ಲ. ಕೂದಲು ಅದನ್ನು ಪೂರ್ತಿ ಮುಚ್ಚಿತ್ತು. ಬಿಳಿಯ ಕೂದಲು ಮೆಟ್ಟಿಲಿನವರೆಗೆ ಇಳಿದಿತ್ತು. ಬಾಚಣಿಗೆ ನಿಧಾನವಾಗಿ ಮೇಲಿನಿಂದ ಕೆಳಗೆ ಬರುತ್ತಿತ್ತು. ಬಾಚಣಿಗೆಗೆ ಸಿಕ್ಕ ಕೂದಲನ್ನು ಆ ಕೈ ಬಿಡಿಸಿ, ಪಕ್ಕದ ಗಿಡದ ಕೊಂಬೆಗೆ ಸಡಿಲವಾಗಿ ತೂಗುಹಾಕಿತು.

ಇಂಥ ಕೂದಲನ್ನು ಅವಳು ತನ್ನ ಕಸುಬಿನಲ್ಲೇ ಕಂಡಿರಲಿಲ್ಲ. ಇನ್ನೂ ನೋಡುತ್ತ ನಿಲ್ಲುತ್ತಿದ್ದಳೋ ಏನೋ, ಅಷ್ಟರಲ್ಲಿ ಜಾಣನಿಗೆ ಬೇಲಿಯಲ್ಲೊಂದು ಕಂಡಿ ಸಿಕ್ಕಿತು. ಹಗ್ಗ ಅವಳ ಕೈಯಿಂದ ಸರಕ್ಕನೆ ಜಾರಿತು. ಬಕೆಟ್ಟು ಉರುಳಿದ ಸದ್ದು, ಆಮೇಲೆ ಹೆಂಗಸಿನ ಧ್ವನಿ: "ಯಾರಪ್ಪ ನೀನು?"

ಆ ಧ್ವನಿಯನ್ನು ಕತ್ತರಿಯಕ್ಕ ಬಲ್ಲಳು. "ಮುಂದಿನವರು ಬನ್ನಿ", "ಚಿಲ್ಲರೆ ಕೊಡಿ" ಎಂದು ಇಡೀ ಊರಿಗೆ ಕೇಳಿಸಿದ್ದ ಧ್ವನಿ. ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಗಾಜಿನ ಹಿಂದೆ ಕೂತು ಸೇವೆ ಮುಗಿಸಿದ ಟಿಕೆಟಮ್ಮ.

ಈಗ ಇಲ್ಲೊಂದು ಮಾತು ಹೇಳಬೇಕು. ಟಿಕೆಟಮ್ಮ ಕತ್ತರಿಯಕ್ಕನ ಬಹು ಹಳೆಯ ಗಿರಾಕಿ. ತಿಂಗಳಿಗೊಮ್ಮೆ ತಪ್ಪದೆ ಬಂದು, ಕಿವಿಯ ಕೆಳಗೆ ನೇರವಾಗಿ ಕತ್ತರಿಸಿಕೊಂಡು, ಕಾಡಿಗೆಯಂಥ ಕಪ್ಪು ಹಚ್ಚಿಸಿಕೊಂಡು ಹೋಗುತ್ತಿದ್ದವರು. ನಿವೃತ್ತಿಯಾದ ಮೇಲೆ ಒಂದು ತಿಂಗಳು ಬರಲಿಲ್ಲ. ಮತ್ತೊಂದು ತಿಂಗಳೂ ಬರಲಿಲ್ಲ. ಆಮೇಲೆ ಬೀದಿಯಲ್ಲಿ ಕಂಡರೆ ತಲೆಗೆ ಬಟ್ಟೆ ಸುತ್ತಿಕೊಂಡು, ಅಂಗಡಿ ಬರುವ ಮೊದಲೇ ಆಚೆ ಬದಿಗೆ ದಾಟಿಬಿಡುತ್ತಿದ್ದರು. ಮಾರ್ಕೆಟ್ಟಿನ ಬಳಿ ಹೊಸದಾಗಿ ಏಸಿ ಹಾಕಿಸಿದ ಪಾರ್ಲರ್ ತೆರೆದಿತ್ತು. ಅಲ್ಲಿಗೇ ಹೋಗಿದ್ದಾರೆ, ಮುಖ ತೋರಿಸಲು ನಾಚಿಕೆ ಎಂದು ಕತ್ತರಿಯಕ್ಕ ತೀರ್ಮಾನಿಸಿದ್ದಳು. ಎದುರಾದರೆ ತಾನೂ ಬೇಕೆಂದೇ ಆಕಾಶ ನೋಡುತ್ತಿದ್ದಳು. ಹೀಗೆ ವರ್ಷಗಟ್ಟಲೆ ನಡೆದಿತ್ತು.

ಕಂಡಿಯಲ್ಲಿ ನುಸುಳಿ ಎದ್ದು ನಿಂತಾಗ ಅವಳ ಸ್ವಂತ ಕೂದಲಿನಲ್ಲೇ ಎರಡು ಒಣಕಡ್ಡಿ ಸಿಕ್ಕಿಕೊಂಡಿದ್ದವು. ಟಿಕೆಟಮ್ಮ ತಿರುಗಿ ನೋಡಿದರು. ಕೈ ತಾನಾಗಿ ತಲೆಯ ಮೇಲೆ ಹೋಯಿತು, ಮುಚ್ಚಿಕೊಳ್ಳಲು. ಆದರೆ ಅಷ್ಟು ಕೂದಲನ್ನು ಎರಡು ಅಂಗೈಯಲ್ಲಿ ಮುಚ್ಚುವುದು ಸಾಧ್ಯವಿರಲಿಲ್ಲ.

"ನಾಯಿ ನಿಂದಾ?" ಎಂದರು.

"ಭಾವನದು" ಎಂದಳು ಕತ್ತರಿಯಕ್ಕ. ತನ್ನ ತಲೆಯ ಕಡ್ಡಿಯೊಂದನ್ನು ಕಿತ್ತು, "ಕೂದಲು ನಿಮ್ಮದಾ?" ಎಂದು ಕೇಳಿದಳು.

ಕೇಳಿದ ಮೇಲೆ ಅದೆಂಥ ಪ್ರಶ್ನೆ ಎಂದು ಇಬ್ಬರಿಗೂ ಅನ್ನಿಸಿತು. ಟಿಕೆಟಮ್ಮನ ತುಟಿ ಮೊದಲು ಅಲುಗಿತು, ಆಮೇಲೆ ಭುಜ. ಇಬ್ಬರೂ ನಕ್ಕರು. ಜಾಣ ಮಧ್ಯೆ ನಿಂತು ಇಬ್ಬರ ಮುಖವನ್ನೂ ನೋಡಿದ.

ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತ ಟಿಕೆಟಮ್ಮ ಎಲ್ಲ ಹೇಳಿದರು. "ಗಾಜಿನ ಹಿಂದೆ ಕೂತವರಿಗೆ ತಲೆಯೊಂದೇ ಆಸ್ತಿ. ಜನಕ್ಕೆ ಅಷ್ಟೇ ಕಾಣೋದು. ಅದಕ್ಕೇ ಹಚ್ಚಿಸ್ಕೊಂಡು ಹಚ್ಚಿಸ್ಕೊಂಡು ಬಂದೆ. ಕೆಲಸ ಬಿಟ್ಟ ಮೇಲೆ ಒಂದಿನ ಅನ್ನಿಸ್ತು, ಅಲ್ಲ, ಈ ಕಪ್ಪಿನ ಕೆಳಗೆ ನಂದು ಯಾವ ಬಣ್ಣ ಅಂತ ನನಗೇ ಗೊತ್ತಿಲ್ವಲ್ಲ. ನೋಡೇಬಿಡೋಣ ಅಂತ ಬಿಟ್ಟೆ."

"ನನಗೊಂದು ಮಾತು ಹೇಳಬಹುದಿತ್ತಲ್ಲ."

"ಹೇಗೆ ಹೇಳ್ಲಿ? ನಿನ್ನ ಕೈಕೆಲಸ ಸಾಕು ಅಂತ ನಿನ್ನೆದುರಿಗೇ ಹೇಳೋಕಾಗುತ್ತಾ? ಅದೂ ಅಲ್ದೆ, ಶುರುವಿನಲ್ಲಿ ನೋಡಬೇಕಿತ್ತು ನೀನು. ಮೇಲರ್ಧ ಬಿಳಿ, ಕೆಳಗರ್ಧ ಕಪ್ಪು. ಸುಟ್ಟ ಕಟ್ಟಿಗೆ ಹಾಗಿದ್ದೆ. ಆ ಕಪ್ಪನ್ನೆಲ್ಲ ಆಮೇಲೆ ನಾನೇ ಕತ್ತರಿಸಿ ತೆಗೆದೆ. ನೀನು ನೋಡಿದ್ರೆ ಕುರ್ಚಿಗೆ ಕಟ್ಟಿಹಾಕಿ ಬಣ್ಣ ಬಳೀತಿದ್ದೆ."

ಅದು ಸುಳ್ಳಲ್ಲವೆಂದು ಕತ್ತರಿಯಕ್ಕನಿಗೂ ಗೊತ್ತಿತ್ತು.

"ಆಮೇಲೆ ಬೀದಿ ದಾಟಿ ದಾಟಿ ಅಭ್ಯಾಸವಾಗಿಹೋಯ್ತು" ಎಂದರು ಟಿಕೆಟಮ್ಮ. "ನೀನು ಬೇರೆ ಆಕಾಶ ನೋಡ್ತಿದ್ದೆ."

ಅವರಿಗೂ ಒಂದು ಕುತೂಹಲ ಬಹಳ ಕಾಲದಿಂದ ಕಾಡುತ್ತಿತ್ತು. ಬಾಚಿದ ಕೂದಲನ್ನು ಒಂದು ದಿನ ಗಿಡದ ಮೇಲೆ ಮರೆತು ಬಿಟ್ಟಿದ್ದಾಗ ಜುಟ್ಟಿನ ಹಕ್ಕಿಯೊಂದು ಬಂದು ಎತ್ತಿಕೊಂಡು ಹೋಗಿತ್ತು. ಅಂದಿನಿಂದ ದಿನಾ ಇಡುತ್ತಿದ್ದರು. ಹಕ್ಕಿ ಒಯ್ಯುತ್ತದೆ, ಕಾಡಿನೊಳಗೆ ಮಾಯವಾಗುತ್ತದೆ. ಎಲ್ಲಿಗೆ, ಏತಕ್ಕೆ? ಮಂಡಿ ನೋವಿನಿಂದಾಗಿ ಅವರು ಒಬ್ಬರೇ ಕಾಡಿಗೆ ಕಾಲಿಡಲು ಹೆದರುತ್ತಿದ್ದರು. ಕತ್ತರಿಯಕ್ಕ ತಾನು ಬೀರುವಿನ ಮೇಲೆ ಎತ್ತಿಟ್ಟಿದ್ದ ಹಳೆಯ ಗೂಡನ್ನು ಮರುದಿನವೇ ತಂದು ಅವರ ಮಡಿಲಲ್ಲಿಟ್ಟಳು. ಟಿಕೆಟಮ್ಮ ಕನ್ನಡಕ ಏರಿಸಿ, ಒಂದು ಬೆರಳಿನಿಂದ ಒಳಗಿನ ಹಾಸನ್ನು ಬಹಳ ಹೊತ್ತು ಸವರಿದರು. "ಇಷ್ಟು ಅಚ್ಚುಕಟ್ಟಾಗಿ ನಾನೇ ಯಾವತ್ತೂ ಜಡೆ ಹಾಕ್ಕೊಂಡಿಲ್ಲ" ಎಂದರು.

ಅಲ್ಲಿಂದ ಬೆಳಗಿನ ವಾಕಿಂಗು ಟಿಕೆಟಮ್ಮನ ಮೆಟ್ಟಿಲಿಗೆ ಬಂದು ಮುಗಿಯತೊಡಗಿತು. ಹೊಸ ಗೂಡನ್ನು ಹುಡುಕಲು ಕಷ್ಟಪಡಬೇಕಾಗಲಿಲ್ಲ. ಕಾಡಿನೊಳಗೆ ಶುರುಮಾಡಿದ್ದ ಗೂಡನ್ನು ಅರ್ಧಕ್ಕೇ ಬಿಟ್ಟಿದ್ದಳೋ ಏನೋ, ಬೇಲಿಗೂ ಕಾಡಿಗೂ ನಡುವಿನ ಮುಳ್ಳುಪೊದೆಯಲ್ಲಿ, ಆಳೆತ್ತರದ ಕವಲಿನಲ್ಲಿ ಜುಟ್ಟಮ್ಮ ಕೂತಿದ್ದಳು. ಕಾವು ಕೂತವಳು ಎಷ್ಟು ಅಲ್ಲಾಡದೆ ಕೂರುತ್ತಾಳೆ, ಗಂಡು ಬಂದು ಹೇಗೆ ಪಾಳಿ ಬದಲಿಸುತ್ತದೆ ಎಂದು ಇಬ್ಬರೂ ದುರ್ಬೀನನ್ನು ಕೈ ಬದಲಾಯಿಸುತ್ತ ನೋಡಿದರು. "ಎರಡು ನಿಮಿಷ ತಡವಾಗಿ ಬಂದ" ಎಂದು ಟಿಕೆಟಮ್ಮ ಹಳೆಯ ರೈಲ್ವೆ ಗತ್ತಿನಲ್ಲಿ ಹೇಳುತ್ತಿದ್ದರು. ಮೊಟ್ಟೆಯೊಡೆದು ಮೂರು ಬೋಳು ತಲೆ ಮೇಲೆದ್ದ ದಿನ ಕತ್ತರಿಯಕ್ಕ ಅಂಗಡಿ ತಡವಾಗಿ ತೆರೆದಳು. ಬೋಳಿನ ಮೇಲೆ ಮೊದಲು ಸೂಜಿಯಂಥ ಕೊಳವೆ, ಕೊಳವೆಯ ತುದಿಯಲ್ಲಿ ಕುಂಚದಂಥ ಪುಕ್ಕ, ಕೊನೆಗೆ ಹಣೆಯ ಮೇಲೊಂದು ಸಣ್ಣ ಜುಟ್ಟಿನ ಸೂಚನೆ. ಕೂದಲು ಹುಟ್ಟುವುದನ್ನು ಅವಳು ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ.

ಮರಿಗಳು ಹಾರುವ ದಿನ ಬಂತು. ಒಂದು ಅಂಚಿಗೆ ಹತ್ತಿ, ತೂರಾಡಿ, ಪಕ್ಕದ ಕೊಂಬೆಗೆ ನೆಗೆಯಿತು. ಇನ್ನೊಂದು ಅದರ ಹಿಂದೆಯೇ ಹೋಯಿತು. ಮೂರನೆಯದು ಅಂಚಿಗೆ ಬಂದು ರೆಕ್ಕೆ ಬಡಿದು, ಯಾರೋ ಹಿಂದಿನಿಂದ ಎಳೆದಂತೆ ಗೂಡಿನೊಳಗೇ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು.

"ಹೆದರಿಕೆ ಇರಬೇಕು" ಎಂದರು ಟಿಕೆಟಮ್ಮ. "ಬಿಡು, ನಾಳೆ ಹಾರುತ್ತೆ."

ಮರುದಿನವೂ ಅದು ಅಲ್ಲೇ ಇತ್ತು. ಎದ್ದರೆ ಬೀಳುತ್ತಿತ್ತು. ತಾಯಿ ಹುಳು ತಂದು ಕೊಡುತ್ತಿದ್ದಳು, ಆದರೆ ದೂರದ ಕೊಂಬೆಯಿಂದ ಇನ್ನೆರಡು ಮರಿಗಳು ಕರೆಯುತ್ತಿದ್ದವು, ಅವಳು ಬರುವುದು ಕಡಿಮೆಯಾಗುತ್ತಿತ್ತು. ಕತ್ತರಿಯಕ್ಕ ದುರ್ಬೀನು ಕೆಳಗಿಡದೆ ನೋಡಿದಳು. ಮರಿ ಅಂಚಿಗೆ ಬಂದಾಗ ಅದರ ಒಂದು ಕಾಲು ಹಿಂದೆಯೇ ಉಳಿಯುತ್ತಿತ್ತು. ಕಾಲಿಗೂ ಗೂಡಿಗೂ ನಡುವೆ ಏನೋ ಮಿನುಗಿತು.

ದುರ್ಬೀನನ್ನು ಟಿಕೆಟಮ್ಮನ ಕೈಗೆ ಕೊಟ್ಟಳು. ಅವರು ನೋಡಿದರು. ನೋಡಿ ದುರ್ಬೀನು ಇಳಿಸಿದಾಗ ಮುಖ ಸಪ್ಪಗಾಗಿತ್ತು.

"ಸಣ್ಣ ಕತ್ತರಿ ಇದೆಯಾ ಮನೇಲಿ?" ಎಂದಳು ಕತ್ತರಿಯಕ್ಕ.

ಬಟ್ಟೆ ಕತ್ತರಿಸುವುದು ಇತ್ತು, ಅಡುಗೆಮನೆಯದು ಇತ್ತು. ಎರಡೂ ಆ ಕಾಲಿಗಿಂತ ದೊಡ್ಡವು. ಜಾಣನನ್ನು ಅಲ್ಲೇ ಬಿಟ್ಟು ಅವಳು ಬೀದಿಯ ದಾರಿಯಿಂದ ಅಂಗಡಿಗೆ ಓಡಿದಳು. ಬಾಗಿಲ ಮುಂದೆ ಔಷಧಿ ಅಂಗಡಿಯವಳು ತಲೆಗೆ ಎಣ್ಣೆ ಹಚ್ಚಿಕೊಂಡು ಬಂದು ಕಾಯುತ್ತಿದ್ದಳು.

"ಎಲ್ಲಿ ಹೋಗಿದ್ದೆ ಮಾರಾಯ್ತಿ? ಎಷ್ಟು ಹೊತ್ತಿಂದ ನಿಂತಿದ್ದೀನಿ."

"ಒಂದು ಮರಿಗೆ ಕೂದಲು ಕತ್ತರಿಸಬೇಕು. ಬಂದೆ" ಎಂದು ಹುಬ್ಬು ತಿದ್ದುವ ಕತ್ತರಿಯನ್ನೂ ಚಿಮಟಿಗೆಯನ್ನೂ ಸೆರಗಿಗೆ ಕಟ್ಟಿಕೊಂಡು ಅವಳು ಮತ್ತೆ ಓಡಿದಳು. ಸಂಜೆಯೊಳಗೆ ಕತ್ತರಿಯಕ್ಕ ಮನೆಮನೆಗೆ ಹೋಗಿ ಮಕ್ಕಳಿಗೆ ಕೂದಲು ಕತ್ತರಿಸುತ್ತಾಳಂತೆ ಎಂಬ ಸುದ್ದಿ ಬೀದಿ ತುಂಬ ಹರಡಿತ್ತು, ಅದು ಬೇರೆ ಮಾತು.

ಮೂರು ಕಾಲಿನ ಸ್ಟೂಲನ್ನು ಪೊದೆಯ ಬಳಿ ಇಟ್ಟು ಟಿಕೆಟಮ್ಮ ಎರಡೂ ಕೈಯಿಂದ ಹಿಡಿದುಕೊಂಡರು. ಕತ್ತರಿಯಕ್ಕ ಹತ್ತಿದಳು. ಮುಳ್ಳು ಮೊಣಕೈಯವರೆಗೆ ಗೀರಿತು. ಜುಟ್ಟಮ್ಮನೂ ಅವಳ ಗಂಡನೂ ತಲೆಯ ಮೇಲೆ ಹಾರಾಡಿ ಬೈದ ಬೈಗುಳಕ್ಕೆ ಅರ್ಥ ಹೇಳುವ ಅಗತ್ಯವಿರಲಿಲ್ಲ. ಗೂಡಿನ ಒಳಹಾಸಿನಿಂದ ಹೊರಟ ಎಳೆಯನ್ನು ಮೊದಲು ಕತ್ತರಿಸಿ, ಮರಿಯನ್ನು ಕರವಸ್ತ್ರದಲ್ಲಿ ಸುತ್ತಿ ಕೆಳಗಿಳಿಸಿದಳು. ಟಿಕೆಟಮ್ಮ ಮೆಟ್ಟಿಲ ಮೇಲೆ ಕೂತು ಅದನ್ನು ಅಂಗೈಯಲ್ಲಿ ಹಿಡಿದರು.

"ಎದೆ ಹೇಗೆ ಹೊಡ್ಕೋತಿದೆ ನೋಡು" ಎಂದರು.

"ಬಿಗಿ ಹಿಡೀಬೇಡಿ. ಸಡಿಲನೂ ಬಿಡಬೇಡಿ."

ಕಾಲು ಊದಿಕೊಂಡಿತ್ತು. ಬೆಂಕಿಕಡ್ಡಿಗಿಂತ ಸಣ್ಣದಾದ ಆ ಕಾಲಿಗೆ ಕೂದಲು ಸುತ್ತಿ, ಮರಿ ಎಳೆದಷ್ಟೂ ಬಿಗಿದು, ಚರ್ಮದೊಳಗೆ ಇಳಿದುಹೋಗಿತ್ತು. ಕತ್ತರಿಯಕ್ಕ ಕೂತಲ್ಲಿ ಕೂರದ ಕೂಸುಗಳ ಕಿವಿಯ ಸುತ್ತ ಕತ್ತರಿ ಆಡಿಸಿದವಳು; ಕೈ ನಡುಗುವುದನ್ನು ಮರೆತಿತ್ತು. ಟಿಕೆಟಮ್ಮನ ಕನ್ನಡಕವನ್ನೇ ತೆಗೆದು, ಭೂತಗನ್ನಡಿಯಂತೆ ಹಿಡಿದು ನೋಡಿದಳು. ಯಾವ ಸುತ್ತು ಮೇಲಿನದು, ಯಾವುದು ಒಳಗಿನದು? ಎಲ್ಲಿ ಕತ್ತರಿಸಿದರೆ ಎಲ್ಲ ಸಡಿಲವಾದೀತು? ಚಿಮಟಿಗೆಯ ತುದಿಯಿಂದ ಒಂದು ಎಳೆ ಎತ್ತಿದಳು, ಅದಲ್ಲ. ಇನ್ನೊಂದು ಎತ್ತಿದಳು. ಕತ್ತರಿಯ ಮೊನೆ ಅದರ ಕೆಳಗೆ ಹೋಯಿತು. ಕಚಕ್ಕೆಂಬ ಸದ್ದೂ ಬರಲಿಲ್ಲ. ಎಳೆ ಬಿಚ್ಚಿಕೊಂಡಿತು.

ಸುತ್ತು ಸುತ್ತಾಗಿ ಬಿಡಿಸಿ ಹೊರತೆಗೆದಳು. ಬೆಳಕಿನಲ್ಲಿ ಅದು ತೂಗಾಡಿತು, ಬೆಳ್ಳಗೆ, ಉದ್ದಕ್ಕೆ.

ಟಿಕೆಟಮ್ಮ ಬಹಳ ಹೊತ್ತು ಅದನ್ನೇ ನೋಡಿದರು. "ನಂದು" ಎಂದರು.

ಮರಿಯನ್ನು ಗೂಡಿನಲ್ಲಿಡುವ ಮೊದಲು ಕತ್ತರಿಯಕ್ಕ ಒಳಹಾಸಿನಲ್ಲಿ ಸಡಿಲವಾಗಿದ್ದ ಎಳೆಗಳನ್ನೆಲ್ಲ ತುಂಡು ಮಾಡಿದಳು. ಆಮೇಲೆ ಇಬ್ಬರೂ ಜಾಣನನ್ನು ಒಳಗೆ ಎಳೆದುಕೊಂಡು, ಹಿಂಬಾಗಿಲು ಮುಚ್ಚಿ, ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತರು. ಪೊದೆ ಸುಮ್ಮನಿತ್ತು. ಜುಟ್ಟಮ್ಮ ಎಲ್ಲೂ ಕಾಣಲಿಲ್ಲ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂದು ಯಾರೋ ಹೇಳಿದ್ದು ಇಬ್ಬರಿಗೂ ನೆನಪಿತ್ತು. ಒಲೆಯ ಮೇಲಿಟ್ಟ ನೀರು ಕುದಿದು ಕುದಿದು ಅರ್ಧವಾಯಿತು. ಕೊನೆಗೆ ಬೇಲಿಯ ತುದಿಗೆ ಒಂದು ಜುಟ್ಟು ಬಂದು ಕೂತಿತು. ಆ ಕಡೆ ಈ ಕಡೆ ನೋಡಿತು. ಬಾಯಲ್ಲಿ ಹಸಿರು ಹುಳು. ನೆಗೆದು ಪೊದೆಯೊಳಗೆ ಹೋಯಿತು, ಬರಿಗೊಕ್ಕಿನಲ್ಲಿ ಹೊರಬಂತು.

ಟಿಕೆಟಮ್ಮ ಸ್ಟೂಲು ಒಳಗೆ ತಂದು, ಅದರ ಮೇಲೆ ಕತ್ತರಿಯಕ್ಕನಿಗೆ ಬೆನ್ನು ಮಾಡಿ ಕೂತರು. "ಕತ್ತರಿಸಿಬಿಡು" ಎಂದರು. "ಮೊದಲಿನ ಹಾಗೆ. ಕಿವಿ ಕೆಳಗೆ."

ಮೊದಲ ದಿನ ಈ ಕೂದಲನ್ನು ಕಂಡಾಗಿನಿಂದ ಕತ್ತರಿಯಕ್ಕನ ಕೈ ತುರಿಸುತ್ತಿತ್ತು. ಒಮ್ಮೆ ತೊಳೆದು, ತುದಿ ಸಮ ಮಾಡಿ, ಹರಡಿ ನೋಡಬೇಕು ಎಂದು ಎಷ್ಟು ಸಲ ಅನ್ನಿಸಿತ್ತೋ. ಈಗ ಕೈತುಂಬ ಹಿಡಿದಳು. ತಂಪಾಗಿ, ಭಾರವಾಗಿ, ಅಂಗೈಯಲ್ಲಿ ಬಂದು ಕೂತಿತು. ಕತ್ತರಿ ಸೆರಗಿನಲ್ಲೇ ಇತ್ತು.

"ಇವತ್ತು ಬೇಡ" ಎಂದಳು.

"ಯಾಕೆ?"

"ಬೇಜಾರಲ್ಲಿ ಬಂದವರ ಕೂದಲು ನಾನು ಕತ್ತರಿಸಲ್ಲ. ನಾಳೆ ಅಳ್ತಾರೆ, ನನಗೆ ಬೈತಾರೆ."

"ಆ ಮರಿಯ ಕಾಲು ನೋಡಿದೆಯಲ್ಲ."

"ನೋಡಿದೆ. ನಿಮ್ಮ ತಲೇಲಿರೋ ಕೂದಲಿಂದ ಅದಕ್ಕೇನೂ ಆಗಿಲ್ಲ. ಗಿಡದ ಮೇಲಿಟ್ಟಿದ್ದು ಉದ್ದ ಇತ್ತು, ಅಷ್ಟೆ. ಗೊತ್ತಿರ್ಲಿಲ್ಲ ನಿಮಗೆ. ನನಗೆ ಗೊತ್ತಿತ್ತಾ? ದಿನಾ ಕೂತು ನೋಡ್ಲಿಲ್ವಾ ನಾನೂ, ಹಲ್ಲು ಕಿರ್ಕೊಂಡು?"

ಕತ್ತರಿಯಕ್ಕ ಕಿಟಕಿಯ ಮೇಲಿದ್ದ ಬಾಚಣಿಗೆ ತೆಗೆದುಕೊಂಡು, ಸುಮ್ಮನೆ ಬಾಚತೊಡಗಿದಳು. ಬಾಚಣಿಗೆಗೆ ಸಿಕ್ಕ ಎಳೆಗಳನ್ನು ಒಟ್ಟು ಮಾಡಿ, ಬೆರಳ ಗೆಣ್ಣಿನಷ್ಟುದ್ದಕ್ಕೆ ಚೂರು ಚೂರು ಕತ್ತರಿಸಿ, ಒಂದು ಬಟ್ಟಲಿನಲ್ಲಿ ಹಾಕಿ ಅವರ ಮುಂದಿಟ್ಟಳು. "ಇಷ್ಟುದ್ದ ಇದ್ರೆ ಯಾರ ಕಾಲಿಗೂ ಸುತ್ತಿಕೊಳ್ಳಲ್ಲ. ಮುಂದಿನ ವರ್ಷಕ್ಕೆ ಬೇಕಾದ್ರೆ ಹೀಗೆ ಕೊಡಿ. ಬೇಡ ಅನ್ನಿಸಿದ್ರೆ ಕಸಕ್ಕೆ ಹಾಕಿ." ಆಮೇಲೆ ಇಬ್ಬರೂ ಹೊರಗೆ ಹೋಗಿ ಬೇಲಿಯಲ್ಲಿ ಅಲ್ಲಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಎಳೆಗಳನ್ನೆಲ್ಲ ಆಯ್ದರು. ಬಿಸಿಲು ಏರುವವರೆಗೆ ಆಯ್ದರು. ಔಷಧಿ ಅಂಗಡಿಯವಳು ಎಣ್ಣೆ ಹಚ್ಚಿದ ತಲೆಯಲ್ಲೇ ಮನೆಗೆ ಹೋಗಿರಬೇಕು ಎಂದು ಕತ್ತರಿಯಕ್ಕನಿಗೆ ನೆನಪಾದದ್ದು ಆಮೇಲೆ.

ಕೆಲವು ದಿನ ಮರಿ ಗೂಡಿನಲ್ಲೇ ಇತ್ತು. ನೋವಿದ್ದ ಕಾಲನ್ನು ಊರದೆ ಒಂದೇ ಕಾಲಿನಲ್ಲಿ ನಿಂತು, ಬಾಯಿ ಮಾತ್ರ ಎರಡರಷ್ಟು ತೆರೆಯುತ್ತಿತ್ತು. ಒಂದು ಬೆಳಿಗ್ಗೆ ಗೂಡು ಖಾಲಿ. ಪೊದೆಯ ಕೆಳಗೆ ಗರಿ ಇಲ್ಲ, ರಕ್ತವಿಲ್ಲ. ಜಾಣನನ್ನು ಬಿಟ್ಟು ಮೂಸಿಸಿದರೆ ಅವನು ಒಂದು ಹಳೆಯ ಚಪ್ಪಲಿ ಹುಡುಕಿಕೊಟ್ಟ.

"ಹಾರಿತು ಅಂತೀಯಾ?" ಎಂದರು ಟಿಕೆಟಮ್ಮ.

"ಗೊತ್ತಿಲ್ಲ. ಒಳಗೆ ಹೋಗಿ ನೋಡೋಣ, ಬನ್ನಿ."

"ನಾನಾ?"

"ಜಾರಿದ್ರೆ ಹಿಡ್ಕೊಳ್ಳೋಕೆ ನಾನಿದ್ದೀನಿ. ನಾನೂ ಜಾರಿದ್ರೆ ಹೋಗಿ ಹೇಳೋಕೆ ಜಾಣ ಇದ್ದಾನೆ."

"ಅವನು ಹೋಗಿ ಏನು ಹೇಳ್ತಾನೋ" ಎಂದು ಗೊಣಗುತ್ತಲೇ ಟಿಕೆಟಮ್ಮ ಕೂದಲನ್ನು ದೊಡ್ಡ ಗಂಟಾಗಿ ಸುತ್ತಿದರು. ತಲೆಗೆ ಬಟ್ಟೆ ಕಟ್ಟಿಕೊಳ್ಳಲು ಕೈ ಚಾಚಿ, ಯೋಚಿಸಿ, ಗೂಟದಲ್ಲೇ ಬಿಟ್ಟು ಬಂದರು.

ಕಾಡಿನೊಳಗೆ ನಿಧಾನವಾಗಿ ನಡೆದರು. ಟಿಕೆಟಮ್ಮನ ಒಂದು ಕೈ ಕತ್ತರಿಯಕ್ಕನ ಭುಜದ ಮೇಲೆ, ಇನ್ನೊಂದು ಕೈಯಲ್ಲಿ ಜಾಣನ ಹಗ್ಗ. ವಿಚಿತ್ರವೆಂದರೆ ಜಾಣ ಅವತ್ತು ಎಳೆಯಲಿಲ್ಲ. 'ಬೈತಲೆ'ಯನ್ನೂ 'ಡೈ ಜಾಸ್ತಿ'ಯನ್ನೂ ಕತ್ತರಿಯಕ್ಕ ಪರಿಚಯ ಮಾಡಿಸಿದಳು. 'ಡೈ ಜಾಸ್ತಿ' ಎಂಬ ಹೆಸರು ಕೇಳಿ ಟಿಕೆಟಮ್ಮ, "ಅದು ನನ್ನ ಮೇಲೆ ಇಟ್ಟಿದ್ದಾ?" ಎಂದು ಕೇಳಿದರು. ಇಲ್ಲ ಎಂದಳು. ಅವರು ನಂಬಲಿಲ್ಲ.

ಒಣಗಿದ ಹಳ್ಳದ ಬಳಿಯ ಮರದಲ್ಲಿ ಜುಟ್ಟಿನ ಹಕ್ಕಿಗಳ ದೊಡ್ಡ ಗುಂಪೇ ಸೇರಿತ್ತು. ಬೇಸಿಗೆ ಮುಗಿಯುವಾಗ ಅವು ಹಾಗೆ ಗುಂಪು ಕಟ್ಟುತ್ತವೆ ಎಂದು ಕತ್ತರಿಯಕ್ಕನಿಗೂ ಗೊತ್ತಿರಲಿಲ್ಲ. ದೊಡ್ಡವು, ಮರಿಗಳು, ಜುಟ್ಟು ಪೂರ್ತಿ ಮೂಡದವು, ಎಲ್ಲ ಕೊಂಬೆ ಕೊಂಬೆಯ ಮೇಲೆ ಪುಕ್ಕ ಉಬ್ಬಿಸಿ ಬಿಸಿಲು ಕಾಯುತ್ತಿದ್ದವು. ಟಿಕೆಟಮ್ಮ ದುರ್ಬೀನು ಕಣ್ಣಿಗಿಟ್ಟು ಒಂದೊಂದೇ ಕೊಂಬೆಯ ಮೇಲೆ ಸರಿಸಿದರು.

"ಸಿಕ್ಕಿತು" ಎಂದರು. "ಎಡಗಡೆ ಕೊಂಬೆ. ಒಂದೇ ಕಾಲಲ್ಲಿ ನಿಂತಿದೆ. ನಮ್ಮದೇ ಅದು."

ಕತ್ತರಿಯಕ್ಕ ದುರ್ಬೀನು ಇಸಿದುಕೊಂಡು ನೋಡಿದಳು. ಹೌದು, ಒಂದೇ ಕಾಲು. ಇನ್ನೊಂದು ಕಾಲನ್ನು ಹೊಟ್ಟೆಯ ಪುಕ್ಕದೊಳಗೆ ಎಳೆದುಕೊಂಡಿತ್ತು. ಅದರ ಪಕ್ಕದ್ದನ್ನು ನೋಡಿದಳು. ಅದೂ ಒಂದೇ ಕಾಲು. ಅದರ ಮೇಲಿನದು, ಅದರಾಚೆಯದು, ಮುದಿಯದು, ಮರಿಯದು, ಇಡೀ ಮರವೇ ಒಂದು ಕಾಲಿನ ಮೇಲೆ ನಿಂತು ತೂಕಡಿಸುತ್ತಿತ್ತು.

"ಎಲ್ಲವೂ ಹಾಗೇ ನಿಂತಿವೆಯಲ್ಲ" ಎಂದಳು.

"ಕೊಡು ಇಲ್ಲಿ" ಎಂದು ಟಿಕೆಟಮ್ಮ ಮತ್ತೆ ನೋಡಿದರು. ಬಹಳ ಹೊತ್ತು ನೋಡಿದರು. "ವಿಶ್ರಾಂತಿಗೆ ಹೀಗೆ ನಿಲ್ತಾವೇನೋ. ಹಾಗಾದ್ರೆ ಇನ್ನೊಂದು ಕಾಲು ಯಾವಾಗ ಇಳಿಸ್ತಾವೆ?"

"ಹಾರೋವಾಗ ಇರಬೇಕು. ಇಲ್ಲ, ಹಾರೋವಾಗ ಯಾಕೆ ಇಳಿಸ್ತಾವೆ. ಕೂರೋವಾಗ."

"ಹಾಗಾದ್ರೆ ಕಾಯೋಣ. ಇಳಿಸದೇ ಇರೋದು ನಮ್ಮದು" ಎಂದು ಟಿಕೆಟಮ್ಮ ಬಿದ್ದ ಮರದ ದಿಮ್ಮಿಯ ಮೇಲೆ, ಮಂಡಿಯನ್ನು ಕೈಯಿಂದ ಒತ್ತಿಕೊಂಡು, ಉಸ್ಸೆಂದು ಕೂತರು. ಕತ್ತರಿಯಕ್ಕನೂ ಪಕ್ಕದಲ್ಲಿ ಕೂತಳು.